ಬಾಗಿಲು ತೆರೆದಿದ್ದ ಏಕೈಕ ಅಂಗಡಿ

ವಿಯೆನ್ನಾ ನಗರದ ನಮ್ಮ ಬಡಾವಣೆಯ ಪ್ರಧಾನ ವಾಣಿಜ್ಯ ರಸ್ತೆಯಾದ ಲಿಂಡ್ನರ್ ಬೀದಿಯಲ್ಲಿ ಒಂದೇ ಒಂದು ಅಂಗಡಿಯೂ ಮುಚ್ಚಿಲ್ಲವೆಂದು ಬೀದಿ ಚೈತನ್ಯ ಸಮಿತಿಯು ಅಧಿಕೃತವಾಗಿ ದೃಢಪಡಿಸಿದೆ. ವ್ಯಾಪಾರ ನಿಂತ ಅಂಗಡಿಗಳ ಗಾಜಿಗೆ ಸಮಿತಿಯೇ ಸರಕು ತುಂಬಿದ ಅಂಗಡಿಯ ಬಣ್ಣದ ಚಿತ್ರ ಅಂಟಿಸಿರುವುದರಿಂದ, ಅವುಗಳನ್ನು ಮುಚ್ಚಿದವೆಂದು ಕರೆಯಲು ನಿಯಮಗಳಲ್ಲಿ ಅವಕಾಶವಿಲ್ಲ. ಚಿತ್ರ ಹೊತ್ತ ಗಾಜಿಗಾಗಿ ಕಟ್ಟಡದ ಮಾಲೀಕರಿಗೆ ಸಮಿತಿಯಿಂದ ಬಾಡಿಗೆ ಸಂದಾಯವಾಗುತ್ತದೆ. ಅಂಗಡಿಯವರು ಕೊಡುತ್ತಿದ್ದುದಕ್ಕಿಂತ ತುಸು ಹೆಚ್ಚು. ಸಮಿತಿಯ ಅಧ್ಯಕ್ಷರೂ ಮಾಲೀಕರಲ್ಲೊಬ್ಬರು. ಅನುಭವಸ್ಥರು ಬೇಕಲ್ಲ.

ತೊಡಕಾದದ್ದು ಹೆರ್ಮಿನೆ ಪ್ರೊಹಾಸ್ಕಾ ಎಂಬ ವಿಧವೆಯ ಬೇಕರಿ. ಅದು ನಿಜವಾಗಿಯೂ ತೆರೆದಿತ್ತು.

ನಾನು ಬೇಕರಿಯ ಮೇಲಿನ ಮಹಡಿಯ ವೆಸೆಲಿ, ನಿವೃತ್ತ ಟ್ರಾಮ್ ಚಾಲಕ. ಒಂದು ಸಂಜೆ ಕಾಫಿಗೆ ಏನಾದರೂ ಉಳಿದಿದೆಯೇ ಎಂದು ಕೇಳಲು ಇಳಿದಾಗ, ಹೆಸರಿನ ಮುಂದೆ ಮ್ಯಾಗಿಸ್ಟರ್ ಎಂಬ ಪದವಿ ಹೊತ್ತ ಸಮಿತಿಯ ಪರಿವೀಕ್ಷಕ ಹೊರಾಚೆಕ್ ಒಳಗೆ ನಿಂತಿದ್ದರು.

"ಪ್ರೊಹಾಸ್ಕಾ ಅವರೇ, ನಿಮ್ಮ ಕಪಾಟು ಖಾಲಿ ಇದೆ."

"ಎಲ್ಲಾ ಮಾರಿ ಹೋಯ್ತಲ್ಲ, ಮ್ಯಾಗಿಸ್ಟರ್ ಅವರೇ."

"ಅದೇ ನೋಡಿ ತೊಂದರೆ. ಎದುರುಗಡೆ ಚಿತ್ರದಲ್ಲಿರೋ ಬೇಕರಿ ನೋಡಿ. ಎರಡು ವರ್ಷದಿಂದ ಒಂದು ಬನ್ನೂ ಕಮ್ಮಿಯಾಗಿಲ್ಲ."

"ಅಲ್ಲಿ ತಿನ್ನೋಕೆ ಸಿಗುತ್ತಾ?"

"ಬೀದಿ ಇರೋದು ನೋಡೋಕೆ. ತಿನ್ನೋದು ನಿಮ್ಮ ನಿಮ್ಮ ಖಾಸಗಿ ವಿಚಾರ."

ಅವರು ಹೋದ ಮೇಲೆ ಹೆರ್ಮಿನೆ ಮೇಜಿನ ಮೇಲಿನ ಹಿಟ್ಟನ್ನು ಸಿಟ್ಟಿನಿಂದ ಒರೆಸಿದರು. "ವೆಸೆಲಿ ಅವರೇ, ನನ್ನ ಗಂಡ ತೀರಿಕೊಂಡ ದಿನಾನೂ ಒಲೆ ಆರಿಸಿಲ್ಲ ನಾನು. ಈ ಗೋಂದಿನ ಡಬ್ಬಕ್ಕೆ ಹೆದರಿ ಆರಿಸ್ತೀನಾ?"

ಮರುವಾರ ಪ್ರಕಟಣೆ ಹೊರಬಿತ್ತು: "ತೆರೆದ ಅಂಗಡಿಗಳಿಂದ ಬೀದಿಯ ಏಕರೂಪತೆಗೆ ಧಕ್ಕೆಯಾಗುತ್ತಿರುವ ಕಾರಣ, ಅವು ತಮ್ಮದೇ ಚಿತ್ರವನ್ನು ತಮ್ಮ ಗಾಜಿಗೂ ಬಾಗಿಲಿಗೂ ಅಂಟಿಸಿಕೊಳ್ಳತಕ್ಕದ್ದು. ಗಿರಾಕಿಗಳು ಹಿಂಬದಿಯಿಂದ ಪ್ರವೇಶಿಸಲು ಅಡ್ಡಿಯಿಲ್ಲ. ಹಿಂಬದಿಯಲ್ಲಿ ವ್ಯಾಪಾರ ನಿಷಿದ್ಧ."

ನಾವು ಸುಮ್ಮನಿರಲಿಲ್ಲ. ಚಿತ್ರ ಅಂಟಿಸುವ ದಿನ ಅಕ್ಕಪಕ್ಕದವರೆಲ್ಲ ಬೇಕರಿಗೆ ಅಡ್ಡ ನಿಂತು ಕೂಗಾಡಿದೆವು. ಹೊರಾಚೆಕ್ ಅವರ ಕಣ್ಣು ತುಂಬಿ ಬಂತು. "ಎಂಥಾ ಜನಸಂದಣಿ! ಇನ್ನೊಂಚೂರು ಒತ್ತಾಗಿ ನಿಲ್ಲಿ," ಎಂದು ಫೋಟೋ ತೆಗೆದುಕೊಂಡರು. ಆ ಫೋಟೋದಿಂದಲೇ ನಮ್ಮ ಬೀದಿಗೆ ನಗರದ 'ಅತ್ಯಂತ ಜೀವಂತ ಬೀದಿ' ಪ್ರಶಸ್ತಿ ಬಂತು. ನಮ್ಮ ಸಹಕಾರಕ್ಕೆ ಧನ್ಯವಾದ ಅರ್ಪಿಸಿ, ಪೊಲೀಸರ ಸಮ್ಮುಖದಲ್ಲಿ ಬಾಗಿಲಿಗೆ ಚಿತ್ರ ಅಂಟಿಸಲಾಯಿತು. ಹೆರ್ಮಿನೆ ಅಂದು ಒಲೆ ಆರಿಸಿದರು.

ಪ್ರಶಸ್ತಿ ಉಳಿಸಿಕೊಳ್ಳಲು ಜನ ದಿನವೂ ಕಾಣಬೇಕಿತ್ತು. ಹಾಗಾಗಿ ಸಮಿತಿ ನಮ್ಮನ್ನೇ ನೇಮಿಸಿಕೊಂಡಿತು. ನನಗೆ ಮಂಗಳವಾರ ಮತ್ತು ಗುರುವಾರ ಗಿರಾಕಿಯ ಕೆಲಸ. ಕೈಚೀಲ ಸಮಿತಿಯದು. ಹಸಿದವರಂತೆ ಕಾಣಕೂಡದೆಂಬುದೊಂದೇ ಷರತ್ತು. ಬ್ರೆಡ್ಡು ತರಲು ಪಕ್ಕದ ಬಡಾವಣೆಗೆ ಹೋಗಿಬರಲು ಟ್ರಾಮ್ ಪಾಸು ಉಚಿತ.

ಹೆರ್ಮಿನೆ ಅವರಿಗೆ ವಾರಪೂರ್ತಿ ಕೆಲಸ. ಮೊದಲ ದಿನ ನಾನು ಹೋದಾಗ ಅವರು ಆಗಲೇ ತಮ್ಮ ಬೇಕರಿಯ ಚಿತ್ರದ ಮುಂದೆ ನಿಂತು ಬನ್ನುಗಳನ್ನು ದಿಟ್ಟಿಸುತ್ತಿದ್ದರು. ಸಮಾಧಾನ ಹೇಳೋಣವೆಂದು ಪಕ್ಕಕ್ಕೆ ಹೋಗಿ ನಿಂತೆ.

"ವೆಸೆಲಿ ಅವರೇ," ಎಂದರು ಗದರಿಸುತ್ತಾ, "ಸಾಲಲ್ಲಿ ನಿಲ್ಲಿ. ನಾನು ಮೊದಲು ಬಂದಿದ್ದು."

ನಾನು ಕ್ಷಮೆ ಕೇಳಿ ಅವರ ಹಿಂದೆ ನಿಂತೆ.