ಮತ್ತೆ ಬಂತು ಗುಡ್ಡದ ಉಡ

ಮದುವೆಯಾಗಿ ಹನ್ನೆರಡು ವರ್ಷ. ಇಷ್ಟು ಕಾಲದಲ್ಲಿ ನನ್ನ ಹೆಂಡತಿ ಶಿವಮ್ಮ ತಾನಾಗಿ ನನ್ನ ಕೈ ಹಿಡಿದದ್ದು ಒಂದೇ ಒಂದು ಸಲ. (ಮದುವೆ ಮಂಟಪದಲ್ಲಿ ಹಿಡಿದದ್ದು ಲೆಕ್ಕಕ್ಕಿಲ್ಲ, ಅಲ್ಲಿ ಹಿಡಿಸಿದವರು ಅಯ್ಯನವರು.) ಆ ಒಂದು ಸಲದ ಪುಣ್ಯವೂ ನನ್ನದಲ್ಲ, ಒಂದು ಉಡದ್ದು.

ಮದುವೆಯಾದ ಹೊಸತು. ಕೂಡ್ಲಿಗಿಯ ಬಯಲಿನಲ್ಲಿ ಟೂರಿಂಗ್ ಟಾಕೀಸು ಬಂದಿತ್ತು. ಚಿತ್ರ ‘ಗುಡ್ಡದ ಉಡ’. ಆನೆಗಾತ್ರದ ಉಡವೊಂದು ಊರಿನವರನ್ನೆಲ್ಲ ನುಂಗುವ ಭಯಂಕರ ಕಥೆ. ಆ ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಮಣ್ಣಿನ ಗೋಡೆ, ಮರಳಿನ ಮೇಲೆ ಕುಳಿತರೆ ಭುಜದೆತ್ತರ. ಗಂಡಹೆಂಡತಿಯಾದರೂ ಅಷ್ಟೇ, ಟಿಕೆಟ್ ಹರಿದ ಮೇಲೆ ಅವರವರ ದಿಕ್ಕು ಅವರವರಿಗೆ. “ಗ್ವಾಡಿ ಬಗಲಾಗ ಕುಂದ್ರು” ಎಂದು ಶಿವಮ್ಮನಿಗೆ ಮೊದಲೇ ಹೇಳಿದ್ದೆ. ತನ್ನ ಅಜ್ಜಿ ಬೊಮ್ಮಮ್ಮನ ಜೊತೆ ಬಂದು ಅವಳು ಗೋಡೆಯ ಪಕ್ಕದಲ್ಲೇ ಕುಳಿತದ್ದನ್ನು ಕಣ್ಣಾರೆ ಕಂಡೆ. ಆಮೇಲೆ ದೀಪ ಆರಿತು.

ತಲೆಯ ಮೇಲೆ ಬೆಳಕಿನ ಕೋಲು, ಅದರೊಳಗೆ ನಿಧಾನವಾಗಿ ಈಜುವ ಬೀಡಿಯ ಹೊಗೆ, ಕೆಳಗೆ ತಣ್ಣನೆಯ ಮರಳು. ಪರದೆಯ ಮೇಲೆ ಉಡ ಪೂರ್ತಿ ಕಾಣಿಸಲೇ ಇಲ್ಲ. ಬಾಲದ ನೆರಳೊಂದು ಬಂಡೆಯ ಮೇಲೆ ಸುಮ್ಮನೆ ಹರಿದುಹೋಯಿತು. ನಾನು ಮೆಲ್ಲಗೆ ಗೋಡೆಯಾಚೆ ಕೈ ಚಾಚಿದೆ. (ಅವಳಿಗೆ ಧೈರ್ಯ ತುಂಬಲು.) ಆಗ ಬಂತು ನೋಡಿ ಒಂದು ಕೈ! ಬಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಸ್ವಲ್ಪ ಒರಟು. ಹೊಲದಲ್ಲಿ ದುಡಿದ ಹುಡುಗಿ, ಪಾಪ, ಎಂದುಕೊಂಡೆ. ಹಿಡಿತದಲ್ಲಿ ನಡುಕವಿತ್ತು. ಬಿಡುವ ಮೊದಲು ಆ ಕೈ ನನ್ನ ಅಂಗೈಯಲ್ಲಿ ಒಂದಿಷ್ಟು ಹುರಿದ ಶೇಂಗಾ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿತು. ಹೊರಗೆ ಬಂದು ನೋಡಿದರೆ ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಒಂದು ಕೆಂಪು ಚುಕ್ಕೆ. ಅವಳ ಕುಂಕುಮ!

ಆ ಅಂಗಿಯನ್ನು ನಾನು ಇವತ್ತಿಗೂ ಒಗೆಸಿಲ್ಲ. ಶೇಂಗಾದಲ್ಲಿ ಒಂದು ಕಾಳನ್ನು ಎತ್ತಿಟ್ಟಿದ್ದೇನೆ, ವಾಚಿನ ಡಬ್ಬಿಯಲ್ಲಿ. ಕೊಟ್ಟೂರಿನಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಗಿರಾಕಿಗಳಿಲ್ಲದ ಮಧ್ಯಾಹ್ನ, ಗೋಡೆಯ ಗಡಿಯಾರಗಳೆಲ್ಲ ತಮಗೆ ತೋಚಿದ ಹೊತ್ತು ತೋರಿಸುತ್ತಾ ಟಿಕ್‌ಟಿಕ್ ಎನ್ನುವಾಗ, ನಾನು ಡಬ್ಬಿ ತೆರೆದು ಆ ಟೆಂಟಿಗೆ ಹೋಗಿ ಕೂತುಬಿಡುತ್ತಿದ್ದೆ. ಮರಳು ತಣ್ಣಗೆ ತಾಗುತ್ತಿತ್ತು. ಯಾರಾದರೂ “ಗುರುಸಂಗಪ್ಪಣ್ಣ, ನನ್ನ ವಾಚು ಆತೇನು?” ಎಂದು ಮೂರು ಸಲ ಕೂಗಿದ ಮೇಲೇ ವಾಪಸು ಬರುತ್ತಿದ್ದೆ.

ಶಿವಮ್ಮನ ಹತ್ತಿರ ಈ ವಿಷಯ ಎತ್ತಿರಲಿಲ್ಲ. ಅಂಥದ್ದನ್ನು ಬಾಯಿ ಬಿಟ್ಟು ಹೇಳಿದರೆ ಅದರ ಹದ ಕೆಡುತ್ತದೆ. “ಆ ಉಡ ನೆನಪೈತೇನು?” ಎಂದರೆ ಅವಳು “ಹೂಂ, ಐತಿ” ಎಂದು ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ನಾಚಿಕೆ! ಆದರೆ ಈಚೆಗೆ ನಮ್ಮಿಬ್ಬರ ಕೈ ಹತ್ತಿರ ಬರುವುದೆಂದರೆ ಸಂತೆಯ ಚೀಲ ಕೊಟ್ಟು ತೆಗೆದುಕೊಳ್ಳುವಾಗ ಮಾತ್ರ. ಒಂದು ಸಲ, ಇನ್ನೊಂದೇ ಒಂದು ಸಲ ಅವಳು ಹಾಗೆ ಕೈ ಹಿಡಿಯಬೇಕೆಂಬ ಆಸೆ ನನ್ನನ್ನು ಕೊರೆಯುತ್ತಿತ್ತು.

ಹಾಗಿರುವಾಗ ಬಸ್ ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಬಿತ್ತು: ‘ಮತ್ತೆ ಬಂತು ಗುಡ್ಡದ ಉಡ’! ಈಗಿನದು ಕುರ್ಚಿಗಳ ಟಾಕೀಸು, ಗೋಡೆ ಗೀಡೆ ಇಲ್ಲ, ಅಕ್ಕಪಕ್ಕವೇ ಕೂರಬಹುದು. ದೇವರು ದೊಡ್ಡವನು. ಒಗೆಯದ ಆ ಅಂಗಿ ತೊಟ್ಟು, ವಾಚಿನ ಡಬ್ಬಿಯನ್ನು ಜೇಬಿಗಿಟ್ಟು, ಮ್ಯಾಟಿನಿಗೆ ಹೊರಟೆ.

“ಅಜ್ಜಿ ಕೋಗಳಿಯಿಂದ ಬಂದಾಳ, ಆಕೀನ್ನೂ ಕರಕೊಂಡು ಹೋಗೂಣ್ರಿ” ಎಂದಳು ಶಿವಮ್ಮ.

“ಆಕಿ ಯಾಕ?” ಎಂದೆ.

“ಆಕಿ ಮೊದಲ್ನೇದು ನೋಡ್ಯಾಳ. ಎರಡನೇದು ತಿಳೀಬೇಕಂದ್ರ ಮೊದಲ್ನೇದು ನೋಡಿದವ್ರು ಬೇಕಲ್ಲ!”

ಹೀಗೆ ಬೊಮ್ಮಮ್ಮಜ್ಜಿಯೂ ಬಂದಳು. ಶಿವಮ್ಮ ನಡುವೆ ಕುಳಿತಳು. ದೀಪ ಆರಿತು. ನಾನು ಕುರ್ಚಿಯ ಕೈ ಮೇಲೆ ಅಂಗೈ ಬಿಚ್ಚಿಟ್ಟು ಕಾದೆ.

ಉಡ ಬಂತು. ಅಯ್ಯೋ, ಪೂರ್ತಿಯಾಗಿ ಬಂತು! ಗೋಣಿಚೀಲದ ಹೊಟ್ಟೆ, ಸೈಕಲ್ ಟ್ಯೂಬಿನ ನಾಲಿಗೆ, ಹಿಂದಿನ ಎರಡು ಕಾಲಿಗೆ ಹವಾಯಿ ಚಪ್ಪಲಿ. ಖಳನಾಯಕನನ್ನು ನುಂಗುವಾಗ ಬಾಯಿ ಸಾಲದೆ ಅವನೇ ಬಗ್ಗಿ ಒಳಗೆ ಹೋದ. ಟಾಕೀಸೆಲ್ಲ ನಗುವೋ ನಗು.

ಶಿವಮ್ಮ ಮುಂದಕ್ಕೆ ಬಗ್ಗಿ ನೋಡಿದಳು. ಅಂಜಿಕೆ ಶುರುವಾಯಿತು ಎಂದು ಅಂಗೈಯನ್ನು ಇನ್ನಷ್ಟು ಅಗಲಿಸಿದೆ.

“ರೀ, ಅದರ ಬೆನ್ನು ನೋಡ್ರಿ! ಕೌದಿ ಹೊಚ್ಯಾರ! ಹೊಲಿಗಿ ಟಾಕಿ ಎಷ್ಟು ಸೊಟ್ಟ ಹಾಕ್ಯಾರ ನೋಡು ಅಜ್ಜಿ!”

“ಹರಕ ಸೀರಿ ಒಳಗ ತುರುಕ್ಯಾರ” ಎಂದಳು ಅಜ್ಜಿ.

ಆಗ ಶಿವಮ್ಮನ ಕೈ ನನ್ನ ಕಡೆಗೆ ಬಂತು. ನಾನು ಕಣ್ಣು ಮುಚ್ಚಿದೆ. ಅಂಗೈಯಲ್ಲಿ ಮಂಡಕ್ಕಿ ಪೊಟ್ಟಣ ಬಿತ್ತು.

“ಹಿಡಕೊಳ್ರಿ, ನಕ್ಕು ನಕ್ಕು ಚೆಲ್ಲಾಕ ಹತ್ತೈತಿ.”

ಇಂಟರ್‌ವಲ್‌ನಲ್ಲಿ ದೀಪ ಬಂದಾಗ ನನ್ನ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ.

“ಅವತ್ತು ಕೂಡ್ಲಿಗಿ ಟೆಂಟಿನ್ಯಾಗ ಹೆಂಗ ಕೈ ಹಿಡದಿದ್ದಿ! ಇವತ್ತು ನಗಾಕ ಹತ್ತಿಯಲ್ಲ?”

“ಯಾರ ಕೈ? ನಾ ಯಾವಾಗ ಹಿಡದೆ?” ಶಿವಮ್ಮ ಬಾಯಿ ತೆರೆದಳು. “ದೀಪ ಆರಿದ ಕೂಡ್ಲೇ ನಾ ಅಜ್ಜಿ ಜಾಗಕ್ಕ ಸರದು ನಿದ್ದಿ ಹೊಡದೆ. ಎಲಿ ಅಡಿಕಿ ಉಗುಳಾಕ ಗ್ವಾಡಿ ಬಗಲು ಬೇಕು ಅಂದ್ಲು ಅಜ್ಜಿ.”

ನಾನು ನಿಧಾನವಾಗಿ ನನ್ನ ತೋಳಿನ ಕೆಂಪು ಚುಕ್ಕೆಯನ್ನು ನೋಡಿಕೊಂಡೆ.

ಬೊಮ್ಮಮ್ಮಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ತಲೆ ಎತ್ತಿದಳು. “ಆ ಟೆಂಟಿನ ಮಾತೇನು? ಗಂಡಸರ ಕಡಿಂದ ಒಂದು ಕೈ ಬಂತವ್ವ, ಗಡಗಡ ನಡುಗ್ತಿತ್ತು. ಗಾತ್ರ ನೋಡಿದ್ರ ದೊಡ್ಡ ಆಳು, ನಡುಗೋದು ನೋಡಿದ್ರ ಹಾಲು ಕುಡಿಯೋ ಕೂಸು! ಯಾರೋ ಅಂಜ್ಯಾರ ಪಾಪ ಅಂತ ಗಟ್ಟಿ ಹಿಡಕೊಂಡು, ಸೆರಗಿನ ಉಡ್ಯಾಗಿನ ಶೇಂಗಾ ಕೊಟ್ಟೆ.”

ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡೆ. ಶಿವಮ್ಮ ಆ ಕೈಯನ್ನು ಸರಿಸಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗಿನ ಕಾಳಿಗೆ ಹುಳ ಬಿದ್ದಿತ್ತು. ಅದನ್ನು ನೋಡಿದಳು, ಅಂಗಿಯ ಚುಕ್ಕೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು, ನಗು ತಡೆಯಲಾರದೆ ಹೊರಗೆ ಓಡಿದಳು. ದೀಪ ಆರಿದರೂ ಬರಲಿಲ್ಲ.

ಅಜ್ಜಿ ಈಚೆಯ ಕುರ್ಚಿಗೆ ಸರಿದಳು. ಬೆಳಕಿನ ಕೋಲು ಮತ್ತೆ ತಲೆಯ ಮೇಲೆ ಹರಿಯಿತು. ಹನ್ನೆರಡು ವರ್ಷ ಹೊಗೆಯ ಹಾಗೆ ಅದರಲ್ಲಿ ತೇಲಿಹೋದವು. ಪರದೆಯ ಮೇಲೆ ಉಡ ಗಂಟಲು ಹರಿಯುವಂತೆ ಕಿರುಚಿತು. ಕತ್ತಲಲ್ಲಿ ಒಂದು ಒರಟು ಕೈ ಬಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಅಂಗೈಯಲ್ಲಿ ಒಂದಿಷ್ಟು ಶೇಂಗಾ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿತು.

“ಅಂಜಬ್ಯಾಡಪ್ಪ” ಎಂದಳು ಅಜ್ಜಿ. “ಅದು ಬರೀ ಕೌದಿ.”