ಚಂಡೆಯವಳ ವೀಸಾ

ವಾಸದ ಪತ್ರ

"ಊರು ಬಿಟ್ಟು ಹೋಗೋಳಿಗೆ, ಊರಲ್ಲಿದ್ದಾಳೆ ಅಂತ ಪತ್ರ ಯಾಕೆ?" ಎಂದ ಪಂಚಾಯ್ತಿ ಕಚೇರಿಯ ಗುಮಾಸ್ತ.

ನಮ್ಮದು ಸಣ್ಣ ಯಕ್ಷಗಾನ ತಂಡ. ನಾನು ಮದ್ದಳೆ. ಅವಳು ಚಂಡೆ. ಹುಟ್ಟಿದ್ದು ಬೊಲಿವಿಯಾದಲ್ಲಿ. ಕಲಿಯಲು ಬಂದವಳು ಹೊಸನಗರದ ಹತ್ತಿರ ಬಾಡಿಗೆ ಕೋಣೆ ಹಿಡಿದು ಆರು ವರ್ಷದಿಂದ ಇಲ್ಲೇ ಇದ್ದಾಳೆ. ಕಾನೂನು ಪ್ರಕಾರವೇ ಇದ್ದಾಳೆ.

ಯುರೋಪಿನ ಒಂದು ದೇಶದಲ್ಲಿ ತಂಡಕ್ಕೆ ಎರಡು ಆಟ ಸಿಕ್ಕಿತು. ನಮಗೆಲ್ಲ ವೀಸಾ ಸಲೀಸಾಗಿ ಬಂತು. ಅವಳದ್ದು ಬೇರೆ ದಾರಿ. ಪಾಸ್‌ಪೋರ್ಟು ಬೊಲಿವಿಯಾದ್ದು, ವಾಸ ಭಾರತದ್ದು. ಭಾರತದಲ್ಲಿ ನೆಲೆಸಿದ್ದೇನೆ, ಎರಡು ವಾರ ಹೋಗಿ ಭಾರತಕ್ಕೇ ವಾಪಸ್ ಬರುತ್ತೇನೆ ಎಂದು ಸಾಬೀತು ಮಾಡಬೇಕು.

ಅವಳ ತಾಯಿ ಅದೇ ದೇಶದಲ್ಲಿ ದುಡಿಯುತ್ತಾರೆ. ಮಗಳು ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಅವಳ ಮುಖ ನೋಡಿಲ್ಲ. ಆಟದ ದಿನಕ್ಕೆ ಆಗಲೇ ರಜೆ ಹಾಕಿದ್ದರು. ವೀಸಾ ಬಂದರೆ ತಾಯಿಮಗಳು ಸೇರುತ್ತಾರೆ. ಇಲ್ಲದಿದ್ದರೆ ಇಲ್ಲ. ವಿಷಯ ಇಷ್ಟೇ.

"ಹೋಗಿ ಬರ್ತೀನಿ ಮಾರಾಯ್ರೇ. ಎರಡೇ ವಾರ," ಎಂದಳು ಅವಳು.

ಗುಮಾಸ್ತ ಪೆನ್ನು ಕೆಳಗಿಟ್ಟ. "ಕನ್ನಡ ಬರ್ತದಾ!" ಒಳಗಿನವರನ್ನೆಲ್ಲ ಕರೆದ. ಅವರು ಸುತ್ತ ನಿಂತು ಅವಳಿಂದ 'ಅಳಿಲು', 'ಬಾಳೆಹಣ್ಣು' ಎಂದೆಲ್ಲ ಹೇಳಿಸಿದರು. ಅವಳು ಹೇಳಿದಳು. ಅವರಲ್ಲಿ ಇಬ್ಬರಿಗೆ ಅದು ಅವಳಷ್ಟು ಸರಿಯಾಗಿ ಬರುತ್ತಿರಲಿಲ್ಲ. ಊಟದ ಹೊತ್ತಾಯಿತು.

"ಪತ್ರ?" ಎಂದೆ.

"ಎರಡು ವಾರದಲ್ಲಿ ಬರ್ತಾರಲ್ಲ?" ಎಂದ ಗುಮಾಸ್ತ. "ಬಂದ ಮೇಲೆ ಬರಲಿ, ಆರಾಮಲ್ಲಿ ಕೊಡೋಣ. ಈಗಲೇ ಕೊಟ್ಟು, ಇವರು ಅಲ್ಲಿಗೆ ಹೋಗಿ ಕೂತ್ರೆ, ನಮ್ಮ ಪತ್ರ ಸುಳ್ಳಾಗ್ತದೆ."

ಫೋಟೋ

ಬೈದು ಪತ್ರ ತೆಗೆದುಕೊಂಡೆ. ಮುಂದೆ ಫೋಟೋ. ಸಾಗರದ ಒಂದು ಸ್ಟುಡಿಯೋಕ್ಕೆ ಹೋದೆವು. ನಗಬಾರದು, ಕಿವಿ ಕಾಣಬೇಕು, ಹಿಂದೆ ಬಿಳಿ ಬಣ್ಣ ಇರಬೇಕು ಎಂದು ನಿಯಮ. ಎಲ್ಲ ಹೇಳಿದೆ. "ನಂಗೆ ಕಲಿಸ್ಬೇಡಿ ಯಜಮಾನ್ರೇ" ಎಂದ ಸ್ಟುಡಿಯೋದವನು.

ಫೋಟೋ ಕೊಟ್ಟ. ನಗು ಇಲ್ಲ, ಕಿವಿ ಇದೆ. ಆದರೆ ಅವಳ ಗಲ್ಲದ ಮೇಲೆ ಕಡಲೆಕಾಳಿನಷ್ಟು ಮಚ್ಚೆಯಿದೆ. ಅದು ಇಲ್ಲ.

"ಮಚ್ಚೆ ಎಲ್ಲಿ?"

"ಅಳಿಸಿದೆ. ನಾನಾಗೇ ಮಾಡಿದ್ದು, ಫ್ರೀ. ಮುಖಕ್ಕೆ ಸ್ವಲ್ಪ ಬೆಳ್ಳಗೂ ಕೊಟ್ಟಿದ್ದೀನಿ."

"ಪಾಸ್‌ಪೋರ್ಟಲ್ಲಿ ಮಚ್ಚೆ ಇದೆಯಲ್ಲ!" ಎಂದಳು ಅವಳು.

"ಅದು ನಿಮ್ಮ ಊರಿನ ಸ್ಟುಡಿಯೋದವರ ಸೋಮಾರಿತನ."

"ಮಚ್ಚೆ ವಾಪಸ್ ಹಾಕು," ಎಂದೆ.

ಅವನಿಗೆ ಬೇಜಾರಾಯಿತು. ಕಂಪ್ಯೂಟರಿನ ಮುಂದೆ ಬಗ್ಗಿದ. ಬಹಳ ಹೊತ್ತಿನ ಮೇಲೆ ಹೊಸ ಫೋಟೋ ತಂದ. ಮಚ್ಚೆ ಇತ್ತು. ಇನ್ನೊಂದು ಗಲ್ಲದ ಮೇಲೆ.

"ಈ ಕಡೆ ಲಕ್ಷಣ ಜಾಸ್ತಿ," ಎಂದ.

ಆಸ್ತಿ

ಬೇರೆ ಸ್ಟುಡಿಯೋದಲ್ಲಿ ತೆಗೆಸಿದೆವು. ಆಮೇಲೆ ಪ್ರಮಾಣಪತ್ರ. ಈ ದೇಶದಲ್ಲಿ ಅವಳನ್ನು ಹಿಡಿದಿಡುವುದು ಏನು ಎಂದು ಬರೆಸಬೇಕಿತ್ತು. ತೀರ್ಥಹಳ್ಳಿಯ ವಕೀಲರೊಬ್ಬರು ಮಾಡಿಕೊಡುತ್ತಾರೆಂದು ಯಾರೋ ಹೇಳಿದರು. ಅವರಿಗೆ ಮಾತು ಜಾಸ್ತಿ. ನನಗೆ ಆಗದ ಜನ.

"ಗಂಡ?" ಎಂದರು.

"ಇಲ್ಲ."

"ಜಮೀನು?"

"ಇಲ್ಲ."

"ನೌಕರಿ?"

"ಆಟ ಇದ್ದಾಗ ಚಂಡೆ ಬಾರಿಸ್ತೀನಿ," ಎಂದಳು.

"ಆಸ್ತಿ ಅಂತ ಏನೂ ಇಲ್ವಾ?"

"ಒಂದು ಚಂಡೆ ಇದೆ. ನಂದೇ."

ವಕೀಲರು ಕನ್ನಡಕ ಏರಿಸಿದರು. "ಸ್ಥಿರಾಸ್ತಿಯೋ, ಚರಾಸ್ತಿಯೋ?"

ಅವಳು ನನ್ನ ಮುಖ ನೋಡಿದಳು.

"ಹೊತ್ತುಕೊಂಡು ಹೋದರೆ ಚರ. ಬಾರಿಸೋಕೆ ನಿಂತರೆ ಬೆಳಗಿನ ತನಕ ಸ್ಥಿರ," ಎಂದೆ.

ಗೇಲಿ ಮಾಡಿದ್ದು. ಅವರು ಹಾಗೆಯೇ ಬರೆದುಕೊಂಡು, ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ಮೊಹರು ಒತ್ತಿದರು.

ಕೌಂಟರು

ಅರ್ಜಿ ಕೊಡಲು ಬೆಂಗಳೂರಿಗೇ ಹೋಗಬೇಕು. ರಾತ್ರಿ ಬಸ್ಸಿನಲ್ಲಿ ಹೋದೆವು. ವೀಸಾ ಕೇಂದ್ರದಲ್ಲಿ ಗಾಜಿನ ಆಚೆ ಒಬ್ಬ ಹುಡುಗಿ ಕೂತಿದ್ದಳು. ಬೊಲಿವಿಯಾದ ಪಾಸ್‌ಪೋರ್ಟು, ಹೊಸನಗರದ ವಿಳಾಸ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮವಳು ಇಂಗ್ಲಿಷಿನಲ್ಲೇ ಹೇಳಿದಳು. ಕೊನೆಗೆ ಆ ಹುಡುಗಿ ಮೈಕು ಆರಿಸಿ, ಗಾಜಿನ ಕಿಂಡಿಯ ಹತ್ತಿರ ಬಗ್ಗಿ, ನನ್ನ ಹತ್ತಿರ ಕನ್ನಡದಲ್ಲಿ ಕೇಳಿದಳು.

"ಅಜ್ಜಾ, ಇವ್ರು ನಿಜವಾಗ್ಲೂ ಯುರೋಪು ನೋಡಿದ ಮೇಲೆ ಹೊಸನಗರಕ್ಕೆ ವಾಪಸ್ ಬರ್ತಾರಾ?"

"ಬರ್ತಾಳೆ."

"ನಾನು ಅಲ್ಲೇ ಹತ್ತಿರದ ಆನಂದಪುರದವಳು. ಬೆಂಗಳೂರು ನೋಡಿದ ಮೇಲೆ ನಾನೇ ಹೋಗಿಲ್ಲ."

ವಿಚಾರಣೆ

ಅರ್ಜಿ ಕೊಟ್ಟು ಬಂದೆವು. ಮುಂದಿನ ವಾರ ನಮ್ಮವಳ ಮನೆಯ ಮಾಲೀಕ ನನ್ನ ಮನೆಗೆ ಬಂದ. ಅವಳು ಬಾಡಿಗೆಗಿರುವುದು ಅವನ ಮನೆಯ ಕೋಣೆಯಲ್ಲಿ. ಬಾಯಿತುಂಬ ಎಲೆಅಡಿಕೆಯ ಕವಳ, ಮುಖತುಂಬ ನಗು. ನಮ್ಮವಳೂ ಅಲ್ಲೇ ಇದ್ದಳು, ಚಂಡೆಗೆ ಹಗ್ಗ ಬಿಗಿಯುತ್ತಿದ್ದಳು.

"ಮಾರಾಯ, ಒಳ್ಳೆ ಸುದ್ದಿ ಇದೆ. ಹುಡುಗಿಯ ವಿಚಾರಣೆಗೆ ಫೋನ್ ಬಂದಿತ್ತು."

ನಮ್ಮ ಕಡೆ ವಿಚಾರಣೆ ಎಂದರೆ ಒಂದೇ. ಗಂಡಿನ ಕಡೆಯವರು ಮಾತು ಮುಂದುವರಿಸುವ ಮೊದಲು ಹುಡುಗಿಯ ನೆರೆಮನೆಗೆ ಫೋನ್ ಮಾಡುತ್ತಾರೆ. ನೆರೆಯವರು ಒಳ್ಳೆಯದನ್ನೇ ಹೇಳಬೇಕು. ಒಂದು ಮಾತು ಹೆಚ್ಚುಕಡಿಮೆಯಾಗಿ ಸಂಬಂಧ ತಪ್ಪಿದರೆ ಆ ಪಾಪ ಏಳು ತಲೆಮಾರಿಗೂ ಬಿಡುವುದಿಲ್ಲ. ಇವನು ಧರ್ಮಭೀರು.

"ಯಾರು ಫೋನ್ ಮಾಡಿದ್ದು?" ಎಂದೆ.

"ಹೆಂಗಸು. ಯುರೋಪಿನ ಕಡೆಯಿಂದ ಅಂದಳು. ಕನ್ನಡ ಚಲೋ ಇತ್ತು. ಹುಡುಗಿ ನಿಮ್ಮಲ್ಲಿ ಎಷ್ಟು ವರ್ಷದಿಂದ ಇದ್ದಾಳೆ ಅಂತ ಕೇಳಿದಳು. ಆರು ವರ್ಷ, ಒಂದು ದಿನ ಎದುರುಮಾತಿಲ್ಲ ಅಂದೆ."

"ಸರಿ."

"ಆದಾಯ ಏನು ಅಂದಳು. ಅವಳಿಗೆ ದುಡ್ಡಿನ ಆಸೆಯೇ ಇಲ್ಲ, ಕೈಯಲ್ಲಿ ಬಿಡಿಗಾಸಿಲ್ಲದಿದ್ರೂ ನಗ್ತಾ ಇರ್ತಾಳೆ ಅಂದೆ."

ನಮ್ಮವಳು ಹಗ್ಗ ಬಿಟ್ಟಳು.

"ಅಲ್ಲಿ ಅವರಿಗೆ ಯಾರಾದ್ರೂ ಇದ್ದಾರಾ ಅಂದಳು. ತಾಯಿಯೇ ಅಲ್ಲಿದ್ದಾರೆ, ಆಸರೆಗೆ ಏನೂ ತೊಂದರೆ ಇಲ್ಲ ಅಂದೆ. ಆಮೇಲೆ ನಾನಾಗಿಯೇ ಹೇಳಿದೆ, ವಯಸ್ಸಾದವರನ್ನು ನೋಡಿಕೊಳ್ಳೋದ್ರಲ್ಲಿ ಎತ್ತಿದ ಕೈ. ನಮ್ಮ ಅಮ್ಮನಿಗೆ ಜ್ವರ ಬಂದಾಗ ಇವಳೇ ಗಂಜಿ ಕುಡಿಸಿದ್ದು. ಹೋದ ದಿನವೇ ಕೆಲಸಕ್ಕೆ ಹಚ್ಚಬಹುದು ಅಂದೆ."

"ವಾಪಸ್ ಬರೋದು ಕೇಳಿದರಾ?"

"ಅದನ್ನೇ ಕಡೆಗೆ ಕೇಳಿದ್ದು! ಎರಡು ವಾರ ಆದ ಮೇಲೆ ವಾಪಸ್ ಬರ್ತಾರಾ ಅಂತ. ನಂಗೆ ಸಿಟ್ಟೇ ಬಂತು. ಛೆ ಛೆ, ಅಂಥ ಹುಡುಗಿಯೇ ಅಲ್ಲ ಅಂದೆ. ಒಮ್ಮೆ ನಿಮ್ಮ ಹೊಸಿಲು ದಾಟಿದಳು ಅಂದ್ರೆ ಮುಗೀತು, ಅತ್ತ ಇತ್ತ ಓಡಿಬರೋ ಪೈಕಿ ಅಲ್ಲ. ನೀವು ಹೋಗು ಅಂದ್ರೂ ಹೋಗೋಳಲ್ಲ. ಬೇಕಾದ್ರೆ ಬರೆದು ಕೊಡ್ತೀನಿ ಅಂದೆ."

"ಅದು ವೀಸಾದವರು ಭಾವಾ," ಎಂದಳು ನಮ್ಮವಳು. ಅವನನ್ನು ಅವಳು ಕರೆಯುವುದೇ ಹಾಗೆ.

ಅವನು ಎದ್ದು ಹೋಗಿ ಕವಳ ಉಗಿದು ಬಂದ. "ಸರ್ಕಾರ ಎಲ್ಲಾದ್ರೂ ಫೋನ್ ಮಾಡಿ ನಯವಾಗಿ ಕೇಳ್ತದಾ? ಸರ್ಕಾರ ಆದ್ರೆ ನೋಟೀಸು ಕಳಿಸ್ತದೆ."

ನಮ್ಮವಳು ಮತ್ತೆ ಹಗ್ಗ ಬಿಗಿಯತೊಡಗಿದಳು.

"ನಾನೂ ಸುಮ್ಮನೆ ಬಿಡಲಿಲ್ಲ," ಎಂದ ಅವನು, ತಗ್ಗಿದ ದನಿಯಲ್ಲಿ. "ಹುಡುಗ ಎಂತ ಮಾಡ್ತಾನೆ ಅಂತ ಕೇಳಿದೆ. ಹೇಳಲಿಲ್ಲ. ದೊಡ್ಡ ಮನೆತನ ಅಂದುಕೊಂಡೆ."

ವೀಸಾ ಆಗಲಿಲ್ಲ. ಅರ್ಜಿದಾರರು ಹಿಂತಿರುಗುವ ಭರವಸೆ ಇಲ್ಲ ಎಂದು ಕಾರಣ ಕೊಟ್ಟಿದ್ದರು. ತಂಡ ಬೇರೆ ಚಂಡೆಯವನನ್ನು ಕರೆದುಕೊಂಡು ಹೋಯಿತು. ಆಮೇಲೆ, ಚಳಿಗಾಲದಲ್ಲಿ, ಅವಳ ತಾಯಿ ಭಾರತದ ವೀಸಾಕ್ಕೆ ಅರ್ಜಿ ಹಾಕಿದರು. ಯಾರಿಗೂ ಫೋನ್ ಬರಲಿಲ್ಲ. ವೀಸಾ ಬಂತು. ಅವರು ಬಂದು ಮಗಳ ಕೋಣೆಯಲ್ಲಿ ಒಂದು ತಿಂಗಳು ಇದ್ದು ಹೋದರು.