ಅತ್ತೆಯ ಪಿಕಪ್ಪಿನ ಬಂಪರು

ಹುಂಜ ಓಡಿಹೋಯಿತು; ಹುತ್ತ ಓಡಲಿಲ್ಲ. ಪಿಕಪ್ಪನ್ನು ಹಿಂದಕ್ಕೆ ತೆಗೆಯುವಾಗ ಹುಂಜವನ್ನು ಉಳಿಸಲು ಸ್ಟಿಯರಿಂಗ್ ತಿರುಗಿಸಿದ ವಿರೋಟ್ ಇಳಿದು ಬಂದು ನೋಡಿದರೆ, ಹಿಂದಿನ ಬಂಪರು ಹಲ್ಲುಬಿದ್ದ ಅಜ್ಜಿಯ ಬಾಯಿಯಂತೆ ಒಳಗೆ ಹೋಗಿತ್ತು.

ಪಿಕಪ್ಪು ಅತ್ತೆ ಬುವಾಲಾಳದು. ಕೊಂಡು ಎರಡು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಬಿಟ್ಟವಳಲ್ಲ. ಊರಿನ ಬಹುಪಾಲು ಗಂಡಂದಿರಂತೆ ವಿರೋಟನೂ ಹೆಂಡತಿಯ ಮನೆಯಲ್ಲೇ ಇರುವ ಅಳಿಯ. ಬೆಳಿಗ್ಗೆ ಪುಣ್ಯಯಾತ್ರೆಯ ಬಸ್ಸು ಹತ್ತುವಾಗ ಅತ್ತೆ ಕೀಲಿ ಕೊಟ್ಟು ಹೇಳಿದ್ದಳು: "ಒಂದು ಗೀರು ಬಿದ್ರೂ ಕೀಲಿ ಕಿರಿ ಅಳಿಯ ದೇಚಾಗೆ. ನೀನು ಬಾತುಕೋಳಿ ಕಾಯಿ."

ಪೇಟೆಯ ಮೆಕ್ಯಾನಿಕ್ ಪ್ರಯೂನ್ ಹೊಸ ಬಂಪರು ತಂದ. ಎರಡು ಬೋಲ್ಟ್ ಬಿಚ್ಚುವಷ್ಟರಲ್ಲಿ ಪಕ್ಕದ ಮನೆಯ ಸೈಯೂದ್ ಚಿಕ್ಕಮ್ಮ ಮೆಣಸಿನಕಾಯಿ ಕೇಳಿಕೊಂಡು ಬಂದಳು.

"ಏ, ಕೈ ತೆಗಿ. ಹುತ್ತಕ್ಕೆ ತಾಗಿದ್ದಾ ಇದು?"

"ಹೂಂ ಚಿಕ್ಕಮ್ಮ. ಯಾರಿಗೂ ಹೇಳ್ಬೇಡಿ."

"ನಾಳೆ ಲಾಟರಿ ಡ್ರಾ. ಇವತ್ತು ಹುತ್ತ ತಾನಾಗೇ ನಂಬರ್ ಒತ್ತಿ ಕೊಟ್ಟಿದೆ. ಹೇಳ್ದೆ ಇರೋಕಾಗ್ತದಾ?"

ಮನೆಗೆ ಓಡಿ ಪೌಡರ್ ಡಬ್ಬಿ ತಂದು, ಅಂಕಿ ಎದ್ದು ಕಾಣಲೆಂದು ತಗ್ಗಿನ ಮೇಲೆ ಉಜ್ಜತೊಡಗಿದಳು. ನೋಡನೋಡುತ್ತ ಅಂಗಳ ತುಂಬಿತು. ಬಂಪರಿಗೆ ಮಲ್ಲಿಗೆ ಹಾರ ಬಿತ್ತು, ಊದುಬತ್ತಿ ಹೊಗೆಯಾಡಿತು, ಸ್ಟ್ರಾ ಹಾಕಿದ ಕೆಂಪು ಸೋಡಾ ಬಾಟಲಿಗಳು ನೈವೇದ್ಯಕ್ಕೆ ಸಾಲಾಗಿ ನಿಂತವು.

"ಎಂಟು," ಅಂದ ಊರ ಮುಖಂಡ.

"ಕನ್ನಡಕ ಒರೆಸ್ಕೊಳ್ಳಿ. ಮೂರು ಅದು," ಅಂದಳು ಸೈಯೂದ್.

ವಿರೋಟ್ ಬಗ್ಗಿ ಗಾಡಿಯ ಕೆಳಗೆ ಮಲಗಿದ್ದ ಪ್ರಯೂನನನ್ನು ಅಂಗಲಾಚಿದ. "ಅಣ್ಣ, ಅತ್ತೆ ಬರೋ ಹೊತ್ತಾಯ್ತು. ಸ್ಪಾನರ್ ಆಡ್ಸಿ."

"ತಡಿಯೋ ಮಾರಾಯ. ಒಳಗಿಂದ ನೋಡಿದ್ರೆ ಐದು ಕಾಣ್ತಿದೆ."

ಬೇರೆ ದಾರಿ ಕಾಣದೆ ವಿರೋಟ್ ಹುತ್ತದ ಮುಂದೆ ಕುಕ್ಕರಿಸಿ, ಕಣ್ಣುಮುಚ್ಚಿ, ಚಳಿಜ್ವರ ಬಂದವನಂತೆ ನಡುಗಿದ. "ಇಲ್ಲಿ ಸೆಕೆ," ಎಂದು ಹುತ್ತದ ದೇವರೇ ಮೈಮೇಲೆ ಬಂದಂತೆ ಗೊಗ್ಗರು ದನಿಯಲ್ಲಿ ನರಳಿದ. "ಬಂಪರನ್ನ ಭಿಕ್ಷುಗಳ ವಿಹಾರಕ್ಕೆ ಒಯ್ಯಿರಿ."

ಉಳಿದ ಬೋಲ್ಟುಗಳು ಬೆಣ್ಣೆಯಂತೆ ಬಿಚ್ಚಿಕೊಂಡವು. ಬಂಪರು ಮದುಮಗನಂತೆ ನಾಲ್ವರ ಹೆಗಲೇರಿ, ಡೋಲಿನ ಹಿಂದೆ ಊರ ವಿಹಾರಕ್ಕೆ ಹೊರಟಿತು. ಪ್ರಯೂನನೂ ಹಿಂದೆ ಹೋದ. ವಿರೋಟ್ ಒಬ್ಬನೇ ಬೆವರು ಸುರಿಸಿ ಹೊಸದನ್ನು ಜೋಡಿಸಿ, ಅಂಗಿ ಬಿಚ್ಚಿ ಅದರಲ್ಲೇ ಒರೆಸಿದ. ಹಳೆಯ ಬಂಪರಿಗೂ ಇಷ್ಟು ಹೊಳಪಿರಲಿಲ್ಲ.

ಸಂಜೆ ಅತ್ತೆ ಬಂದಳು, ಜೊತೆಗೆ ದೇಚಾ. ಪಿಕಪ್ಪಿನ ಹಿಂದೆ ನಿಂತು ತುಂಬ ಹೊತ್ತು ನೋಡಿದಳು. ಅವಳ ಅಂಗೈಗಳು ಪೌಡರ್ ಮೆತ್ತಿ ಬೆಳ್ಳಗಿದ್ದವು.

"ಬಸ್ಸಿಳಿದ್ರೆ ವಿಹಾರದ ಮುಂದೆ ಇಷ್ಟುದ್ದ ಸಾಲು. ಬುವಾಲಾಳ ಬಂಪರಂತೆ. ಬುವಾಲಾ ನಾನೇ ಕಣ್ರಯ್ಯಾ ಅಂದ್ರೂ ಕೊನೇಲಿ ನಿಲ್ಸಿದ್ರು. ನನ್ನ ಸರದಿ ಬರೋ ಹೊತ್ತಿಗೆ ಆ ಮುಖಂಡ, ಎಂಟು ನೀಟಾಗಿ ಕಾಣ್ಲಿ ಅಂತ ಸುತ್ತಿಗೇಲಿ ಬಡಿದು ತಗಡು ಮಾಡಿಟ್ಟಿದ್ದ."

"ತಪ್ಪಾಯ್ತು ಅತ್ತೆ."

"ಗಾಡಿ ಹತ್ತು. ಹಿಂದಕ್ಕೆ ತಗೊ."

"ಅತ್ತೆ, ಹೊಸ ಬಂಪರು..."

"ನಂಗೆ ಕಣ್ಣಿಲ್ವಾ? ಸ್ವಲ್ಪ ಎಡಕ್ಕೆ."

ಧಡ್ ಎಂದಿತು. ಅತ್ತೆ ಪೌಡರ್ ಉಜ್ಜಿದಳು. "ಬರೀ ಗೀರು, ನಂಬರೇ ಇಲ್ಲ. ಇನ್ನೊಂದ್ಸಲ."

ಇನ್ನೊಂದು ಸಲಕ್ಕೆ ಹುತ್ತದ ತುದಿ ಉದುರಿತು. ಅತ್ತೆ ಬಗ್ಗಿ, ಕತ್ತು ಓರೆ ಮಾಡಿ, ಕೆಳಗಿನಿಂದ ಮೇಲಿನಿಂದ ನೋಡಿ, ನಿಟ್ಟುಸಿರು ಬಿಟ್ಟಳು. ಕಿಟಕಿಯೊಳಗೆ ಕೈಹಾಕಿ ಕೀಲಿ ಕಿತ್ತುಕೊಂಡು ದೇಚಾನ ಕೈಗಿತ್ತಳು.

"ನೀನು ಹತ್ತಪ್ಪ. ಇವನಿಗೆ ನೆಟ್ಟಗೆ ಗುದ್ದೋಕೂ ಬರಲ್ಲ."

ವಿರೋಟ್ ಇಳಿದು, ಬಾತುಕೋಳಿ ಕಾಯುವ ಕೋಲು ಹುಡುಕಿಕೊಂಡು ಹಿತ್ತಲಿಗೆ ಹೋದ.